ಎಲ್ಲ ಕೈ ಮೀರಿದಾಗ ನಂಬಿಕೆ, ಬದುಕಿಗೊಂದು ಗುರಿ ಹುಡುಕುವುದು ಹೇಗೆ?

ವ್ಯಾಪಾರ ಮುಳುಗಿದೆ, ದೇವರ ಮೇಲೂ ನಂಬಿಕೆ ಹೋಗಿದೆ, ಮೊದಲು ನಂಬಿಕೆ ವಾಪಸ್ ಬಂದರೆ ಆಮೇಲೆ ಗುರಿ ಸಿಗಬಹುದು ಅಂದಿದ್ದೀರಿ. ವ್ಯಾಪಾರದ ಮಟ್ಟಿಗೆ ನನ್ನದೂ ಇದೇ ಕಥೆ.

ಉಡುಪಿಯಲ್ಲಿ ಮದುವೆ ಅಡುಗೆ ಕಾಂಟ್ರಾಕ್ಟ್ ಮಾಡುತ್ತಿದ್ದೆ. 2020ರಲ್ಲಿ ಕೊರೊನಾ ಬಂದು ಮದುವೆಗೆ 50 ಜನ ಮಾತ್ರ ಅಂತಾಯ್ತು. ಸಾಲ ಮಾಡಿ ತಗೊಂಡ ಟೆಂಪೋ, ಪಾತ್ರೆ ಎಲ್ಲ ಅಂಗಳದಲ್ಲಿ. ಸಾಲದ ಕಂತು ಮುಂದೂಡಲು ಕೊಟ್ಟ ವಿನಾಯಿತಿ ಆಗಸ್ಟ್‌ಗೆ ಮುಗಿಯಿತು. ಕೈಯಲ್ಲಿ ಕಾಸಿಲ್ಲ.

ನನಗೆ ಮಾತ್ರ ನಂಬಿಕೆಗೆ ಕೊರತೆ ಇರಲಿಲ್ಲ, ಜಾಸ್ತಿಯೇ ಇತ್ತು. ಕಷ್ಟಕ್ಕೆ ಕಾರಣ ಏನು ಅಂತ ಜ್ಯೋತಿಷಿಗಳ ಹತ್ತಿರ ಪ್ರಶ್ನೆ ಇಡಿಸಿದೆ. ಒಬ್ಬರು ನಾಗದೋಷ ಅಂದರು, ಇನ್ನೊಬ್ಬರು ಕುಟುಂಬದ ದೈವಕ್ಕೆ ಸೇವೆ ಬಾಕಿ ಅಂದರು. ಸುಬ್ರಹ್ಮಣ್ಯದಲ್ಲಿ ಸೇವೆ ಮತ್ತೆ ಶುರುವಾದದ್ದೇ ಓಡಿಹೋಗಿ ನಾಗದೋಷ ಪರಿಹಾರಕ್ಕೆ ಆಶ್ಲೇಷಾ ಬಲಿ ಪೂಜೆ ಮಾಡಿಸಿದೆ. ದೈವಕ್ಕೆ ತಂಬಿಲದ ಸೇವೆ ಕೊಟ್ಟೆ. ಇತ್ತ ಬ್ಯಾಂಕಿನಿಂದ ಕವರ್ ಬರುತ್ತಲೇ ಇತ್ತು. ಒಡೆಯದೆ ದೇವರ ಫೋಟೊ ಹಿಂದೆ ತುರುಕುತ್ತಿದ್ದೆ. ಎಷ್ಟು ಅಂದರೆ, ಫೋಟೊ ಮುಂದಕ್ಕೆ ವಾಲಿ ಕುಂಕುಮದ ಭರಣಿಗೆ ತಾಗಿತ್ತು.

ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಪೂಜೆಗೆ ಹೋದ ದುಡ್ಡು ದೊಡ್ಡದಲ್ಲ. ಆದರೆ ಒಂದೊಂದು ಪರಿಹಾರ ಮುಗಿಸಿದಾಗಲೂ ‘ಇವತ್ತಿನ ಕೆಲಸ ಆಯ್ತು’ ಅನ್ನಿಸುತ್ತಿತ್ತು. ಆ ಸಮಾಧಾನದಲ್ಲಿ ಕವರ್ ಮುಟ್ಟಲೇ ಇಲ್ಲ. ಒಡೆದರೆ ತಾನೇ ಸಾಲ? ಅದರಲ್ಲೊಂದು ಕವರಿನಲ್ಲಿ, ಅರ್ಜಿ ಕೊಟ್ಟರೆ ಕಂತು ಇಳಿಸಿ ಅವಧಿ ಹೆಚ್ಚಿಸುತ್ತೇವೆ ಅಂತ ಬರೆದಿತ್ತು, ಕೊನೆಯ ದಿನಾಂಕದ ಸಮೇತ. ನಾನು ಓದುವಾಗ ಅದು ದಾಟಿತ್ತು. ಕಂತು 90 ದಿನಕ್ಕಿಂತ ಹೆಚ್ಚು ಬಾಕಿ ಬಿದ್ದರೆ ಖಾತೆ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ. ನನ್ನದೂ ಹಾಗೇ ಆಯ್ತು. ಟೆಂಪೋ ಹೋಯ್ತು, ಹೆಂಡತಿಯ ಬಳೆಯೂ ಹೋಯ್ತು.

ಕವರ್ ಒಡೆಸಿದ್ದು ಯಾರು ಗೊತ್ತಾ? ಒಬ್ಬ ಜ್ಯೋತಿಷಿಯೇ. ವಯಸ್ಸಾದವರು. ಕವಡೆ ಹರಡಿ, ನನ್ನದೆಲ್ಲ ಕೇಳಿ, “ಬ್ಯಾಂಕಿನವರು ಏನು ಹೇಳ್ತಾರೆ ಮಾರಾಯ್ರೆ?” ಅಂದರು. ನನ್ನ ಬಾಯಿ ಕಟ್ಟಿತು. “ಮೊದಲು ಅಲ್ಲಿಗೆ ಹೋಗಿ ಬನ್ನಿ” ಅಂತ ದಕ್ಷಿಣೆಯನ್ನೂ ವಾಪಸ್ ಕೊಟ್ಟರು.

ಹಾಗಾಗಿ ಮೊದಲು ನಂಬಿಕೆ, ಆಮೇಲೆ ಗುರಿ ಅನ್ನುವ ನಿಮ್ಮ ಲೆಕ್ಕ ನಾನು ಒಪ್ಪಲ್ಲ. ಗುರಿ ಅಂತ ನನಗೆ ಈಗಲೂ ಇಲ್ಲ. ಮಣಿಪಾಲದ ಆಫೀಸುಗಳಿಗೆ ಮಧ್ಯಾಹ್ನದ ಊಟ ಕೊಡುತ್ತೇನೆ. ಕುಚ್ಚಲಕ್ಕಿ ಬೇಯಲು ಹೊತ್ತು ಬೇಕಲ್ವಾ, ಅದಕ್ಕೇ ಬೇಗ ಏಳುತ್ತೇನೆ. ಕೃಷ್ಣ ಮಠದ ಕಡೆ ಹೋದರೆ ಕನಕನ ಕಿಂಡಿಯ ಎದುರು ನಿಂತು ಕೈ ಮುಗಿದು ಬರುತ್ತೇನೆ, ಏನೂ ಕೇಳುವುದಿಲ್ಲ. ಇದಕ್ಕೆ ನಂಬಿಕೆ ಅನ್ನಬಹುದೋ ಏನೋ.

ನಿಮ್ಮ ಮನೆಯಲ್ಲೂ ಒಡೆಯದ ಕವರ್ ಇರಬೇಕು, ಎತ್ತದ ಫೋನ್ ಇರಬೇಕು. ಬ್ಯಾಂಕಿಗೆ ಒಬ್ಬರೇ ಹೋಗಬೇಡಿ, ಭಾವನನ್ನೋ ಗೆಳೆಯನನ್ನೋ ಕರ್ಕೊಂಡು ಹೋಗಿ. ಕೌಂಟರಿನಲ್ಲಿ ಬೇಡ, ಮ್ಯಾನೇಜರ್ ಹತ್ತಿರವೇ ಕೂತು ಮಾತಾಡಿ. 90 ದಿನ ದಾಟುವ ಮುಂಚೆ ಹೋದರೆ ಮಾತಿಗೆ ಸ್ವಲ್ಪ ಜಾಗ ಇರುತ್ತದೆ. ವಾಪಸ್ ಬರುವಾಗ ದೇವಸ್ಥಾನಕ್ಕೆ ಹೋದರಾಯ್ತು.