ಹೊಸ ಲಾಕ್ಸ್‌ಗೆ ನೀರೂ ಬೇಕು, ಬಿಡುವೂ ಬೇಕು

ಗೋವಾದ ಕನ್ನಡ ಓದುಗರಿಂದ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಲಾಕ್ಸ್ ಬಗ್ಗೆ. ಗೊತ್ತಿಲ್ಲದವರಿಗಾಗಿ ಎರಡು ಮಾತು. ಕೂದಲನ್ನು ಬೈತಲೆ ತೆಗೆದು ಸಣ್ಣ ಸಣ್ಣ ಭಾಗ ಮಾಡಿ, ಒಂದೊಂದನ್ನೂ ಸುತ್ತಿ ಅಥವಾ ಹೆಣೆದು, ಬಾಚದೆ ಹಾಗೇ ಬಿಟ್ಟರೆ ತಿಂಗಳು ಕಳೆದಂತೆ ಪ್ರತಿ ಭಾಗವೂ ಗಟ್ಟಿಯಾಗುತ್ತದೆ. ಇದೇ ಲಾಕ್ಸ್. ಶುರುವಿನ ಮೂರರಿಂದ ಆರು ತಿಂಗಳ ಹಂತಕ್ಕೆ ಸ್ಟಾರ್ಟರ್ ಲಾಕ್ಸ್ ಅಂತಾರೆ. ಪೂರ್ತಿ ಗಟ್ಟಿಯಾಗಲು ಒಂದು, ಒಂದೂವರೆ ವರ್ಷ ಬೇಕು. ಕೆಲವರಿಗೆ ಇನ್ನೂ ಜಾಸ್ತಿ.

ಪ್ರಶ್ನೆ: ನಾನು ಸಿದ್ದಿ ಹುಡುಗಿ. ಊರು ಯಲ್ಲಾಪುರದ ಹತ್ತಿರ, ಈಗ ಪಣಜಿಯ ಹೋಟೆಲೊಂದರಲ್ಲಿ ಕೆಲಸ. ಚಿಕ್ಕವಳಿದ್ದಾಗ ಅಮ್ಮ ಕೂದಲು ಗಿಡ್ಡ ಕತ್ತರಿಸುತ್ತಿದ್ದರು. ಕಳೆದ ವರ್ಷ ಕೆಮಿಕಲ್ ಹಾಕಿಸಿ ನೇರ ಮಾಡಿಸಿದ್ದೆ. ಎರಡು ತಿಂಗಳ ಹಿಂದೆ ಬಾಚಣಿಗೆಯಿಂದ ಸುತ್ತಿಸಿ ಲಾಕ್ಸ್ ಶುರು ಮಾಡಿದೆ. ಮೊದಲ ವಾರ ಚೆಂದ ಇತ್ತು. ಈಗ ಎಲ್ಲಾ ಕಡೆ ಕೂದಲು ಎದ್ದು ನಿಂತಿದೆ. ತೊಳೆದರೆ ತುದಿ ಬಿಚ್ಚಿಕೊಳ್ಳುತ್ತದೆ. ಹೆದರಿ ಮೂರು ವಾರದಿಂದ ತಲೆಗೆ ನೀರು ಹಾಕಿಲ್ಲ, ವಿಪರೀತ ತುರಿಕೆ. ವಾರಕ್ಕೊಮ್ಮೆ ನಾನೇ ಜೆಲ್ ಹಚ್ಚಿ ಬುಡ ತಿರುಚಿಕೊಳ್ಳುತ್ತೇನೆ. ಈ ಲಾಕ್ಸ್ ಉಳಿಯುತ್ತವೆಯೇ?

ಉತ್ತರ: ಉಳಿಯುತ್ತವೆ. ಆದರೆ ಮೊದಲು ತಲೆ ತೊಳೆಯಿರಿ, ಇವತ್ತೇ. ನೀರು ಬಿದ್ದರೆ ಲಾಕ್ಸ್ ಹಾಳಾಗುತ್ತದೆ ಅನ್ನುವ ಭಯ ಎಷ್ಟೋ ಜನರಿಗಿದೆ. ಮಾಡಿಸಿಕೊಂಡ ಮೊದಲ ಎರಡು ಮೂರು ವಾರ ತೊಳೆಯದೆ ಬಿಡುವುದು ಸರಿ. ಅದಾದ ಮೇಲೆ ಒಂದು ಎರಡು ವಾರಕ್ಕೊಮ್ಮೆ ತೊಳೆಯಲೇಬೇಕು. ಗೋವಾದ ಸೆಕೆಯಲ್ಲಿ ಹೋಟೆಲ್ ಕೆಲಸ ಮಾಡುವ ನಿಮಗೆ ವಾರಕ್ಕೊಮ್ಮೆ ಅನ್ನಿ. ಶುಭ್ರವಾದ ಕೂದಲು ಒಂದನ್ನೊಂದು ಹಿಡಿದುಕೊಳ್ಳುತ್ತದೆ. ಎಣ್ಣೆ, ಜೆಲ್, ಬೆವರು ಮೆತ್ತಿಕೊಂಡ ಕೂದಲು ಜಾರುತ್ತದೆ. ನಿಮ್ಮಂಥ ಬಿಗಿ ಗುಂಗುರು ಕೂದಲು ನೆನೆದು ಒಣಗುವಾಗ ಮುದುಡಿಕೊಂಡು ಒಳಗೊಳಗೇ ಸಿಕ್ಕುಗಟ್ಟುತ್ತದೆ. ನಿಮಗೆ ಬೇಕಾಗಿರುವುದೂ ಅದೇ ಅಲ್ವಾ?

ತೊಳೆಯುವ ಕ್ರಮ ಹೇಳುತ್ತೇನೆ. ತಲೆಗೆ ತೆಳುವಾದ ನೈಲಾನ್ ಬಲೆಯ ಟೋಪಿ ಹಾಕಿಕೊಳ್ಳಿ. ಹಳೆಯ ಸ್ಟಾಕಿಂಗ್ ಆದರೂ ನಡೆಯುತ್ತದೆ. ಸಣ್ಣ ಬಾಟಲಿಯಲ್ಲಿ ಸ್ವಲ್ಪ ಶಾಂಪೂ ಹಾಕಿ ನೀರು ಬೆರೆಸಿ ತೆಳು ಮಾಡಿ. ಬಲೆಯ ಮೇಲಿಂದಲೇ ಬೈತಲೆಗಳ ಉದ್ದಕ್ಕೂ ಸುರಿದು, ಬೆರಳ ತುದಿಯಿಂದ ಚರ್ಮವನ್ನು ಮೆಲ್ಲಗೆ ಒತ್ತಿ. ಉಗುರು ಬೇಡ, ಉಜ್ಜಾಟ ಬೇಡ. ಲಾಕ್ಸ್ ಅನ್ನು ಪ್ರತ್ಯೇಕವಾಗಿ ತಿಕ್ಕಬೇಕಿಲ್ಲ, ಇಳಿಯುವ ನೊರೆಯೇ ಸಾಕು. ನೊರೆ ಪೂರ್ತಿ ಹೋಗುವವರೆಗೆ ನೀರು ಬಿಡಿ, ನಿಮಗೆ ಸಾಕು ಅನ್ನಿಸಿದ ಮೇಲೂ ಇನ್ನೊಂದಿಷ್ಟು. ಕಂಡೀಷನರ್ ಈಗ ಬೇಡ. ಅದು ಕೂದಲನ್ನು ನುಣುಪು ಮಾಡುತ್ತದೆ, ನಮಗೆ ಬೇಕಾಗಿರುವುದು ಹಿಡಿತ. ಸೀಗೇಕಾಯಿ ಪುಡಿಯೂ ಬೇಡ. ಅದರ ಚೂರು ಒಳಗೆ ಸಿಕ್ಕಿದರೆ ಹೊರಗೆ ಬರುವುದಿಲ್ಲ.

ಇನ್ನು ಎದ್ದು ನಿಂತ ಕೂದಲಿನ ವಿಷಯ. ಎರಡನೇ ತಿಂಗಳಲ್ಲಿ ಹೀಗಾಗದಿದ್ದರೇ ನಾನು ಯೋಚನೆ ಮಾಡುತ್ತಿದ್ದೆ. ಈಗ ಒಂದು ಲಾಕ್ ಅನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು, ಬುಡದಿಂದ ತುದಿಯವರೆಗೆ ಮೆಲ್ಲಗೆ ಒತ್ತುತ್ತಾ ಬನ್ನಿ. ಮೆತ್ತಗೆ, ಮೆತ್ತಗೆ, ಮಧ್ಯದಲ್ಲೆಲ್ಲೋ ಹೆಸರುಕಾಳಿನಷ್ಟು ಒಂದು ಗಂಟು ಸಿಗುತ್ತದೆ. ಸಿಗದಿದ್ದರೆ ಇನ್ನೊಂದು ತಿಂಗಳು ಬಿಟ್ಟು ನೋಡಿ. ಆ ಗಂಟೇ ಲಾಕ್ ಹುಟ್ಟುವ ಜಾಗ, ಅಲ್ಲಿಂದ ಮೇಲಕ್ಕೂ ಕೆಳಕ್ಕೂ ಗಟ್ಟಿಯಾಗುತ್ತಾ ಹೋಗುತ್ತದೆ. ಆಗ ಲಾಕ್ಸ್ ದಪ್ಪಗೆ, ಸ್ವಲ್ಪ ಗಿಡ್ಡಗೆ ಕಾಣುತ್ತವೆ. ಕೂದಲು ಉದುರಿತೇನೋ ಅಂತ ಗಾಬರಿ ಆಗಬೇಡಿ. ಉದ್ದ ಎಲ್ಲೂ ಹೋಗಿಲ್ಲ, ಒಳಗೆ ಮಡಚಿಕೊಂಡಿದೆ ಅಷ್ಟೇ.

ವಾರಕ್ಕೊಮ್ಮೆ ಬುಡ ತಿರುಚುವುದನ್ನು ಮಾತ್ರ ದಯವಿಟ್ಟು ನಿಲ್ಲಿಸಿ. ಕೂದಲು ಬೆಳೆಯುವುದು ತಿಂಗಳಿಗೆ ಸುಮಾರು 1 ಸೆಂ.ಮೀ. ಅಂದರೆ ವಾರಕ್ಕೆ ಎರಡು ಮೂರು ಮಿಲಿಮೀಟರ್. ತಿರುಚಲು ಅಲ್ಲಿ ಹೊಸ ಕೂದಲೇ ಇರುವುದಿಲ್ಲ. ಇದ್ದ ಬುಡವನ್ನೇ ಮತ್ತೆ ಮತ್ತೆ ಎಳೆದ ಹಾಗಾಗಿ ಅದು ಸಣ್ಣಗಾಗುತ್ತದೆ. ಮುಂದೆ ಲಾಕ್ ಭಾರವಾದಾಗ ಅಲ್ಲಿಂದಲೇ ತುಂಡಾಗುತ್ತದೆ. ನಾಲ್ಕರಿಂದ ಆರು ವಾರಕ್ಕೊಮ್ಮೆ ಸಾಕು, ಅದೂ ತೊಳೆದ ಮೇಲೆ, ಕೂದಲು ಇನ್ನೂ ಸ್ವಲ್ಪ ಒದ್ದೆ ಇರುವಾಗ. ಪ್ರತಿ ಸಲವೂ ಒಂದೇ ದಿಕ್ಕಿಗೆ ತಿರುಚಿ. ಜೆಲ್ ಬೇಕೇ ಬೇಕು ಅಂದರೆ ಅಂಗಡಿಯ ತೆಳುವಾದ ಲೋಳೆಸರದ ಜೆಲ್ ಬೆರಳಿಗೆ ತಾಗುವಷ್ಟು. ಮೇಣ ಇರುವ ಯಾವುದನ್ನೂ ಹತ್ತಿರ ಸೇರಿಸಬೇಡಿ. ಅದು ನೀರಿಗೆ ಕರಗುವುದಿಲ್ಲ, ಧೂಳು ಹಿಡಿದು ಒಳಗೇ ಉಳಿದುಬಿಡುತ್ತದೆ. ತೊಳೆದ ಪ್ರತಿ ಸಲ ಅಕ್ಕಪಕ್ಕದ ಲಾಕ್ಸ್ ಬುಡದಲ್ಲಿ ಅಂಟಿಕೊಂಡಿದ್ದರೆ ಕೈಯಿಂದ ಬಿಡಿಸಿ. ಇಷ್ಟಾದರೆ ಸಾಕು, ಮುಂದಿನ ವಾರದವರೆಗೆ ಕೈ ತಲೆಗೆ ಹೋಗದಿರಲಿ.

ತುದಿ ಬಿಚ್ಚಿಕೊಳ್ಳುವುದಕ್ಕೆ ಕಾರಣ ನೀವೇ ಬರೆದಿದ್ದೀರಿ. ಕೆಮಿಕಲ್‌ನಿಂದ ನೇರವಾದ ಭಾಗಕ್ಕೆ ತನ್ನ ಸುರುಳಿ ಮರಳಿ ಬರುವುದಿಲ್ಲ, ಅದು ಸುಲಭಕ್ಕೆ ಗಟ್ಟಿಯಾಗುವುದೂ ಇಲ್ಲ. ಬೇರಿನಿಂದ ಹೊಸದಾಗಿ ಬಂದ ಕೂದಲು ಮಾತ್ರ ನಿಮ್ಮದೇ ಗುಂಗುರು. ಆ ನೇರ ತುದಿಗಳನ್ನು ಕತ್ತರಿಸಿಬಿಡುವುದು ನನ್ನ ಸಲಹೆ. ಮನಸ್ಸು ಬರದಿದ್ದರೆ ಸದ್ಯಕ್ಕೆ ಎರಡೆಳೆಯಾಗಿ ಹುರಿ ಮಾಡಿ ಬಿಡಿ, ಬಾಚಣಿಗೆಯ ಸುರುಳಿಗಿಂತ ಅದು ನೀರಿಗೆ ಚೆನ್ನಾಗಿ ತಡೆಯುತ್ತದೆ.

ತುರಿಕೆ ತೊಳೆದ ಮೇಲೂ ಹೋಗದೆ, ಜಿಡ್ಡುಜಿಡ್ಡಾದ ಹಳದಿ ಹೊಟ್ಟು ಕಂಡರೆ ಕೊಬ್ಬರಿ ಎಣ್ಣೆ ಸುರಿಯಬೇಡಿ. ಹೊಟ್ಟಿನ ಹಿಂದಿರುವ ಶಿಲೀಂಧ್ರಕ್ಕೆ ಎಣ್ಣೆಯೇ ಊಟ. ಕೀಟೊಕೊನಾಜೋಲ್ ಇರುವ ಶಾಂಪೂ ಬಗ್ಗೆ ಚರ್ಮದ ಡಾಕ್ಟರನ್ನು ಕೇಳಿ. ಅದನ್ನು ತಲೆಯ ಚರ್ಮಕ್ಕೆ ಮಾತ್ರ ಹಚ್ಚಿ ಕೆಲವು ನಿಮಿಷ ಬಿಟ್ಟು ತೊಳೆಯುವುದು.

ಇನ್ನೊಂದು ಮಾತು, ನೀವು ಕೇಳದೇ ಇದ್ದರೂ. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗೋವಾಕ್ಕೆ ಗುಲಾಮರಾಗಿ ತಂದವರಲ್ಲಿ ಹಲವರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಸಿದ್ದಿಗಳ ಹಿರಿಯರಲ್ಲಿ ಅವರೂ ಇದ್ದಾರೆ. ನಿಮ್ಮ ತಲೆ ಮೇಲಿರುವುದು ಆ ಹಿರಿಯರಿಂದ ಬಂದ ಕೂದಲು. ಅದನ್ನು ಗಿಡ್ಡ ಕತ್ತರಿಸಬೇಕು ಇಲ್ಲಾ ನೇರ ಮಾಡಬೇಕು ಅಂತ ಹೇಳಿದವರಿಗೆ ಅದರ ಆರೈಕೆ ಗೊತ್ತಿರಲಿಲ್ಲ ಅಷ್ಟೇ. ನಮ್ಮ ಪಾರ್ಲರ್‌ಗಳಲ್ಲಿ ಬಹಳಷ್ಟು ಕಡೆ ಈಗಲೂ ಗೊತ್ತಿಲ್ಲ. ನೀವು ಸರಿಯಾದ ಕೆಲಸ ಶುರು ಮಾಡಿದ್ದೀರಿ.

ಪ್ರಶ್ನೆ: ವಾಸ್ಕೊದಲ್ಲಿದ್ದೇನೆ. ಜೂನ್‌ನಲ್ಲಿ ಮಳೆ ಹಿಡಿದಾಗಿನಿಂದ ನನ್ನ ಐದು ತಿಂಗಳ ಲಾಕ್ಸ್ ಒದ್ದೆ ಬಟ್ಟೆಯ ವಾಸನೆ ಬರುತ್ತಿದೆ. ಬೈಕ್‌ನಲ್ಲಿ ಓಡಾಟ, ಹೆಲ್ಮೆಟ್ ಬೇರೆ. ಏನು ಮಾಡಲಿ?

ಉತ್ತರ: ಗೋವಾದಲ್ಲಿ ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಹಗ್ಗದ ಮೇಲಿನ ಬಟ್ಟೆಯೇ ಎರಡು ದಿನ ಒಣಗದ ಕಾಲದಲ್ಲಿ ಲಾಕ್ಸ್ ತಾನಾಗಿ ಒಣಗಲಿ ಅಂತ ಬಿಡುವ ಹಾಗಿಲ್ಲ. ಹೊರಗೆ ಮುಟ್ಟಿದರೆ ಒಣಗಿದಂತೆ ಇರುತ್ತದೆ, ಒಳಗೆ ತೇವ ಕೂತಿರುತ್ತದೆ. ಆ ತೇವದಲ್ಲೇ ಬೂಸ್ಟು ಬೆಳೆಯುವುದು.

ತಲೆಸ್ನಾನ ರಜೆಯ ದಿನ ಬೆಳಿಗ್ಗೆಯೇ ಆಗಲಿ. ರಾತ್ರಿ ಬೇಡವೇ ಬೇಡ. ಟರ್ಕಿ ಟವೆಲ್ ಬಳಸಬೇಡಿ, ಅದರ ನೂಲಿನ ಚೂರು ಲಾಕ್ಸ್ ಒಳಗೆ ಸೇರಿ ಬಿಳಿಬಿಳಿಯಾಗಿ ಕಾಣುತ್ತದೆ. ಹಳೆಯ ಕಾಟನ್ ಬನಿಯನ್ ತೆಗೆದುಕೊಂಡು, ನಾಲ್ಕೈದು ಲಾಕ್ಸ್ ಒಟ್ಟಿಗೆ ಹಿಡಿದು ಮೇಲಿಂದ ಕೆಳಗೆ ಹಿಂಡುತ್ತಾ ಬನ್ನಿ. ತಿಕ್ಕುವುದು ಬೇಡ. ಆಮೇಲೆ ಫ್ಯಾನ್ ಕೆಳಗೆ ಕೂತು ಡ್ರೈಯರ್ ಅನ್ನು ಕಡಿಮೆ ಬಿಸಿಯಲ್ಲಿ ಇಟ್ಟು ಮೊದಲು ಬುಡ ಒಣಗಿಸಿ. ಮುಗಿಯಿತು ಅನ್ನಿಸಿದಾಗ ಒಂದು ದಪ್ಪ ಲಾಕ್ ಅನ್ನು ಕೆನ್ನೆಗೆ ಒತ್ತಿ ಹಿಡಿಯಿರಿ. ತಣ್ಣಗೆ ತಾಗಿದರೆ ಒಳಗೆ ಇನ್ನೂ ನೀರಿದೆ. ಬೆರಳಿಗೆ ತಿಳಿಯದ ತಂಪು ಕೆನ್ನೆಗೆ ತಿಳಿಯುತ್ತದೆ.

ಹೆಲ್ಮೆಟ್ ಒಳಗೆ ತೆಳುವಾದ ಕಾಟನ್ ಟೋಪಿ ಹಾಕಿ, ದಿನಾ ಒಗೆಯಿರಿ. ಮಳೆಗೆ ನೆನೆದು ಮನೆಗೆ ಬಂದರೆ ಮೊದಲು ಕೂದಲು ಬಿಚ್ಚಿ ಒಣಗಿಸಿ, ಆಮೇಲೆ ಚಹಾ. ಒದ್ದೆ ಲಾಕ್ಸ್ ಕಟ್ಟಿ ಮಲಗಿದರೆ ಒಂದೇ ರಾತ್ರಿ ಸಾಕು, ವಾಸನೆ ಶುರುವಾಗುತ್ತದೆ.

ಈಗಿರುವ ವಾಸನೆಗೆ, ಅಡುಗೆಯ ವಿನೆಗರ್ ಒಂದು ಪಾಲಿಗೆ ನಾಲ್ಕು ಪಾಲು ನೀರು ಬೆರೆಸಿ ಒಮ್ಮೆ ಸುರಿದುಕೊಳ್ಳಿ. ಕೆಲವು ನಿಮಿಷ ಬಿಟ್ಟು ಶಾಂಪೂವಿನಿಂದ ಚೆನ್ನಾಗಿ ತೊಳೆದು ಪೂರ್ತಿ ಒಣಗಿಸಿ. ಕಣ್ಣು ಜೋಪಾನ, ಚರ್ಮ ಕೆರೆದು ಗಾಯವಾಗಿದ್ದರೆ ಬೇಡ. ಅಡುಗೆ ಸೋಡಾ ಹಾಕಿ ಅಂತ ಹೇಳುವವರಿದ್ದಾರೆ. ನಾನು ಹೇಳುವುದಿಲ್ಲ, ಅದರ ಕ್ಷಾರಕ್ಕೆ ಕೂದಲು ಒರಟಾಗುತ್ತದೆ. ಎರಡು ಮೂರು ಸಲ ತೊಳೆದರೂ ವಾಸನೆ ಹೋಗದೆ, ಲಾಕ್ ಒಳಗೆ ಬೂದು ಬಣ್ಣದ ಪುಡಿ ಕಂಡರೆ ಆ ಲಾಕ್ ತೆಗೆಸುವುದೇ ವಾಸಿ.

ಪ್ರಶ್ನೆ: ನಮ್ಮದು ಸವದತ್ತಿ ಕಡೆ, ಝುವಾರಿನಗರಕ್ಕೆ ಬಂದು ಬಹಳ ವರ್ಷ ಆಯಿತು. ಕಾಲೇಜಿಗೆ ಹೋಗುವ ಮಗಳು ಆರಂಬೋಲ್‌ಗೆ ಹೋಗಿ ಇದನ್ನು ಮಾಡಿಸಿಕೊಂಡು ಬಂದಿದ್ದಾಳೆ. ಅವಳದು ನೆಟ್ಟ ಕೂದಲು. ನಮ್ಮ ಅತ್ತೆ ನೋಡಿದವರೇ ಎಲ್ಲಮ್ಮನ ಜಡಿ ಬಂದಾವು, ಇನ್ನ ಕತ್ತರಿ ಹಚ್ಚಂಗಿಲ್ಲ ಅಂತ ಭಂಡಾರ ಹಚ್ಚಾಕ ನಿಂತಾರ. ನನಗೂ ಭಯ ಆಗಿದೆ. ಬೇಡ ಅಂದರೆ ಇದನ್ನು ತೆಗೆಯಬಹುದೇ?

ಉತ್ತರ: ತೆಗೆಯಬಹುದು ಅಮ್ಮಾ. ಯಾವಾಗ ಬೇಕಾದರೂ. ಅದರಿಂದ ಯಾರಿಗೂ ಏನೂ ಕೇಡಾಗುವುದಿಲ್ಲ.

ನಿಮ್ಮ ಅತ್ತೆಯವರ ಭಯ ಎಲ್ಲಿಂದ ಬಂತು ಅಂತ ನನಗೆ ಅರ್ಥವಾಗುತ್ತದೆ. ನಮ್ಮ ಕಡೆ ಎಷ್ಟೋ ಹೆಣ್ಣುಮಕ್ಕಳಿಗೆ ಕೂದಲು ಸಿಕ್ಕುಗಟ್ಟಿದ್ದನ್ನೇ ದೇವಿಯ ಕರೆ ಅಂತ ಹೇಳಿ ಮುತ್ತು ಕಟ್ಟಿ ದೇವದಾಸಿ ಮಾಡಿಬಿಟ್ಟರು. ಕರ್ನಾಟಕದಲ್ಲಿ ಅದನ್ನು ತಡೆಯುವ ಕಾನೂನು ಬಂದಿದ್ದು 1982ರಲ್ಲಿ. ಪುಣೆಯಲ್ಲಿ ಮಹಾರಾಷ್ಟ್ರ ಅಂಧಶ್ರದ್ಧಾ ನಿರ್ಮೂಲನ ಸಮಿತಿಯ ಕಾರ್ಯಕರ್ತೆಯರು ಇಂಥ ಹೆಂಗಸರ ಮನೆಗೇ ಹೋಗಿ, ಮಾತಾಡಿ ಒಪ್ಪಿಸಿ, ವರ್ಷಗಟ್ಟಲೆ ಹೊತ್ತ ಜಡೆಯನ್ನು ಕತ್ತರಿಸಿ ಕೊಟ್ಟಿದ್ದಾರೆ. ಆ ಭಾರಕ್ಕೆ ಕುತ್ತಿಗೆ ನೋವು, ಒಳಗೆ ಹುಣ್ಣು, ಹೇನು. ತೆಗೆದ ಮೇಲೆ ಹಗುರಾದರು, ಅಷ್ಟೇ ಆಗಿದ್ದು. ಭಂಡಾರ, ಎಣ್ಣೆ ಹಚ್ಚಿ ತೊಳೆಯದೇ ಬಿಟ್ಟ ಕೂದಲು ಒಂದೇ ಮುದ್ದೆಯಾಗುತ್ತದೆ. ನಿಮ್ಮ ಮಗಳದು ಬೇರೆ. ಬೈತಲೆ ತೆಗೆದು, ಹಣ ಕೊಟ್ಟು, ತಾನೇ ಬಯಸಿ ಮಾಡಿಸಿಕೊಂಡದ್ದು. ಅತ್ತೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೈತಲೆಯ ಗೆರೆಗಳನ್ನು ತೋರಿಸಿ. ತಾನಾಗಿ ಬಂದ ಜಡೆಗೆ ಅಷ್ಟು ನೆಟ್ಟಗಿನ ಗೆರೆ ಇರುವುದಿಲ್ಲ ಅಂತ ಅವರಿಗೇ ಕಾಣುತ್ತದೆ. ಭಂಡಾರ ಮಾತ್ರ ಹಚ್ಚಬೇಡಿ. ಅರಿಶಿನ ಲಾಕ್ ಒಳಗೆ ಕೂತರೆ ತೊಳೆದರೂ ಹೋಗುವುದಿಲ್ಲ.

ನೆಟ್ಟ ಕೂದಲಿಗೆ ಉಲ್ಟಾ ಬಾಚಿ, ಕ್ರೋಶಾ ಸೂಜಿಯಿಂದ ಒಳಗೆ ಎಳೆದು ಲಾಕ್ಸ್ ಮಾಡುತ್ತಾರೆ. ಸೂಜಿ ಹೆಚ್ಚು ಆಡಿಸಿದಷ್ಟೂ ಕೂದಲು ತುಂಡಾಗುತ್ತದೆ. ಪದೇ ಪದೇ ಸರಿ ಮಾಡಿಸಲು ಓಡುವುದು ಬೇಡ ಅಂತ ಮಗಳಿಗೆ ಹೇಳಿ. ಮುಂದೆ ಬೇಡವಾದರೆ ಈ ಹಂತದಲ್ಲಿ ಕಂಡೀಷನರ್ ಧಾರಾಳವಾಗಿ ಹಚ್ಚಿ, ತುದಿಯಿಂದ ಬುಡಕ್ಕೆ ತಾಳ್ಮೆಯಿಂದ ಬಿಡಿಸಬಹುದು. ಬಿಡಿಸುವಾಗ ರಾಶಿ ಕೂದಲು ಕೈಗೆ ಬರುತ್ತದೆ. ಎಲ್ಲರಿಗೂ ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಲಾಕ್ಸ್‌ನಲ್ಲಿ ಅವು ಕೆಳಗೆ ಬೀಳದೆ ಒಳಗೇ ಉಳಿದಿರುತ್ತವೆ, ಬಿಡಿಸಿದಾಗ ಒಟ್ಟಿಗೇ ಬರುತ್ತವೆ.

ಪ್ರಶ್ನೆ: ಕಲಂಗೂಟ್‌ನಲ್ಲಿ ಅಡುಗೆ ಕೆಲಸ ಮಾಡುತ್ತೇನೆ. ಲಾಕ್ಸ್ ಇನ್ನೂ ಗಿಡ್ಡ. ಕಿಚನ್‌ನಲ್ಲಿ ಕೂದಲು ಕಟ್ಟಲೇಬೇಕು. ಎಳೆದು ಕಟ್ಟಿ ಕಟ್ಟಿ ಹಣೆಯ ಎರಡೂ ಕಡೆ ತೆಳುವಾಗಿದೆ.

ಉತ್ತರ: ಎಳೆತ ಇವತ್ತಿಗೇ ನಿಲ್ಲಲಿ. ಸತತ ಎಳೆತದಿಂದ ಕೂದಲು ಉದುರುವುದನ್ನು ಬೇಗ ಗಮನಿಸಿದರೆ ಮತ್ತೆ ಬೆಳೆಯುತ್ತದೆ. ವರ್ಷಗಟ್ಟಲೆ ಬಿಟ್ಟರೆ ಬೇರಿನ ಜಾಗದಲ್ಲಿ ಕಲೆಗಟ್ಟಿ ಬೆಳೆಯುವುದೇ ಇಲ್ಲ. ಕಟ್ಟಿದಾಗ ನೋವು, ಬುಡದಲ್ಲಿ ಸಣ್ಣ ಗುಳ್ಳೆ ಕಂಡರೆ ಅದು ಎಚ್ಚರಿಕೆ. ಚರ್ಮದ ಡಾಕ್ಟರಿಗೆ ಒಮ್ಮೆ ತೋರಿಸಿ.

ಗಿಡ್ಡ ಲಾಕ್ಸ್‌ಗೆ ರಬ್ಬರ್ ಬ್ಯಾಂಡ್‌ಗಿಂತ ಬಟ್ಟೆ ಒಳ್ಳೆಯದು. ಒಳಗೆ ಸ್ಯಾಟಿನ್ ಪಟ್ಟಿ, ಮೇಲೆ ನಿಮ್ಮ ಅಡುಗೆ ಟೋಪಿ, ಕೂದಲು ಹಾಗೇ ಒಳಗೆ ಇರಲಿ. ಕೆಲಸ ಮುಗಿದ ಮೇಲೆ ಬಿಚ್ಚಿ, ಬೈತಲೆಯನ್ನು ಒಂದು ಪಕ್ಕಕ್ಕೆ ಹೊರಳಿಸಿ ಚಪ್ಪಟೆ ಕ್ಲಿಪ್ ಹಾಕಿದರೆ ಚೆಂದ ಕಾಣುತ್ತದೆ. ಸ್ವಲ್ಪ ಉದ್ದ ಬಂದ ಮೇಲೆ ಮೇಲರ್ಧವನ್ನು ಮಾತ್ರ ಸಡಿಲವಾಗಿ ಹಿಂದೆ ಕಟ್ಟಬಹುದು. ಎರಡೆರಡು ಲಾಕ್ಸ್ ಸೇರಿಸಿ ಹುರಿ ಮಾಡಬಹುದು. ಮಣಿ, ಉಂಗುರ, ಬಣ್ಣ ಎಲ್ಲ ಗಟ್ಟಿಯಾದ ಮೇಲೆ. ರಾತ್ರಿ ಸ್ಯಾಟಿನ್ ಬಟ್ಟೆ ಸುತ್ತಿ ಮಲಗಿ ಅಥವಾ ದಿಂಬಿಗೆ ಸ್ಯಾಟಿನ್ ಕವರ್ ಹಾಕಿ.

ಪ್ರಶ್ನೆ: ಭಾನುವಾರ ಮೀರಾಮಾರ್‌ನಲ್ಲಿ ಸಮುದ್ರಕ್ಕೆ ಇಳಿಯಬಹುದಾ? ಮೂರು ತಿಂಗಳ ಲಾಕ್ಸ್.

ಉತ್ತರ: ಇಳಿಯಬಹುದು. ಮೊದಲೇ ಸಿಹಿನೀರಿನಲ್ಲಿ ಕೂದಲು ನೆನೆಸಿಕೊಂಡರೆ ಉಪ್ಪುನೀರು ಕಡಿಮೆ ಹೀರುತ್ತದೆ. ಲಾಕ್ಸ್ ಅನ್ನು ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿರಿ, ಮರಳಲ್ಲಿ ಮಲಗಬೇಡಿ. ಮನೆಗೆ ಬಂದು ಉಪ್ಪು ಹೋಗುವಂತೆ ತೊಳೆದು, ವಾಸ್ಕೊದ ಓದುಗರಿಗೆ ಹೇಳಿದಂತೆ ಪೂರ್ತಿ ಒಣಗಿಸಿ. ಅಷ್ಟು ಪುರುಸೊತ್ತು ಇಲ್ಲದ ಭಾನುವಾರ ಮೊಣಕಾಲವರೆಗೆ ಇಳಿದು ಬನ್ನಿ.