ಹಾಲಿನ ಕ್ಯಾನ್‌ಗೆ 304 ಸ್ಟೀಲ್ ಬೇಕಾ, ನಿಕಲ್ ಬೆಲೆಗೆ ಹೆದರಬೇಕಾ

ಅಣ್ಣ, ನೀವು ಕೇಳಿದ್ದು ಎರಡು ವಿಷಯ. ಹಾಲಿನ ಕ್ಯಾನ್‌ಗೆ 304 ಅನ್ನೋ ಬಗೆಯ ಸ್ಟೇನ್‌ಲೆಸ್ ಸ್ಟೀಲೇ ಬೇಕಾ, ಅಗ್ಗದ 202 ಬಗೆ ಸಾಕಾ ಅನ್ನೋದು ಒಂದು. ಸ್ಟೀಲ್‌ಗೆ ಬೆರೆಸುವ ನಿಕಲ್ ಲೋಹವನ್ನೆಲ್ಲಾ ಎಲೆಕ್ಟ್ರಿಕ್ ಗಾಡಿಗಳ ಬ್ಯಾಟರಿ ನುಂಗಿಬಿಡುತ್ತದೆ, ಬೆಲೆ ಏರುತ್ತದೆ, ಈಗಲೇ ಕೊಳ್ಳಿ ಅಂತ ಅಂಗಡಿಯವರು ಹೇಳಿದ್ದು ನಿಜವಾ ಅನ್ನೋದು ಇನ್ನೊಂದು. 304 ತಗೊಳ್ಳಿ. ಆದರೆ ಆ ಮಾತಿಗೆ ಹೆದರಿ ಅವಸರ ಮಾಡಬೇಡಿ.

304ರಲ್ಲಿ ಸುಮಾರು 18% ಕ್ರೋಮಿಯಂ, 8% ನಿಕಲ್ ಇರುತ್ತದೆ. ತುಕ್ಕು ತಡೆಯುವ ಮುಖ್ಯ ಕೆಲಸ ಕ್ರೋಮಿಯಂನದು. ಸ್ಟೀಲ್ ಸೀಳದೆ ಬಾಗುವುದು, ಚೆನ್ನಾಗಿ ವೆಲ್ಡ್ ಆಗುವುದು ನಿಕಲ್‌ನಿಂದ. 202ರಲ್ಲಿ ನಿಕಲ್ 4ರಿಂದ 6% ಮಾತ್ರ, ಉಳಿದದ್ದಕ್ಕೆ ಅಗ್ಗದ ಮ್ಯಾಂಗನೀಸ್ ಹಾಕುತ್ತಾರೆ. ನಿಕಲ್ ಇಳಿಸಿದರೆ ಕ್ರೋಮಿಯಂ ಕೂಡ ಸ್ವಲ್ಪ ಇಳಿಸಬೇಕಾಗುತ್ತದೆ, ತೊಂದರೆ ಬರುವುದು ಅಲ್ಲೇ. ಹಾಲಿನ ಹುಳಿ, ಹಾಲುಗಲ್ಲು (ಪಾತ್ರೆಗೆ ಅಂಟಿ ಗಟ್ಟಿಯಾಗುವ ಹಾಲಿನ ಪದರ) ತೆಗೆಯುವ ಆಸಿಡ್, ಬ್ಲೀಚಿಂಗ್ ನೀರು ದಿನಾ ತಾಗುವ ಪಾತ್ರೆಯಲ್ಲಿ ಮೊದಲು ಬೆಸುಗೆಯ ಹತ್ತಿರ ಸಣ್ಣ ಸಣ್ಣ ಗುಳಿ ಬೀಳುತ್ತವೆ. ಆ ಗುಳಿಯೊಳಗೆ ಕೂತ ಹಾಲು ಎಷ್ಟು ತೊಳೆದರೂ ಹೋಗುವುದಿಲ್ಲ. ಬ್ಲೀಚಿಂಗ್ ನೀರನ್ನು 304ರಲ್ಲೂ ಜಾಸ್ತಿ ಹೊತ್ತು ಬಿಡಬೇಡಿ.

ಹಾಲು ತಾಗುವ ಕ್ಯಾನ್, ಮುಚ್ಚಳ, ಹಾಲು ಕರೆಯುವ ಯಂತ್ರದ ಬಕೆಟ್ ಮಾತ್ರ 304 ಇರಲಿ. ಸ್ಟ್ಯಾಂಡ್, ಹಿಂಡಿ ಹಾಕುವ ಡಬ್ಬಕ್ಕೆ 202 ಧಾರಾಳವಾಗಿ ಸಾಕು, ಅಲ್ಲಿ ದುಡ್ಡು ಉಳಿಸಿ.

304 ಹೌದೋ ಅಲ್ಲವೋ ಅಂತ ಅಯಸ್ಕಾಂತ ಹಿಡಿದು ನೋಡಿ ಅಂತ ಕೆಲವರು ಹೇಳುತ್ತಾರೆ. ಅದರಿಂದ ಈ ಎರಡರ ವ್ಯತ್ಯಾಸ ಗೊತ್ತಾಗುವುದಿಲ್ಲ. 304, 202 ಎರಡಕ್ಕೂ ಅಯಸ್ಕಾಂತ ಅಂಟುವುದಿಲ್ಲ. ಬಗ್ಗಿಸಿದ ಮೂಲೆಯಲ್ಲಿ ಅಸಲಿ 304 ಕೂಡ ಸ್ವಲ್ಪ ಎಳೆಯಬಹುದು. ಗುಜರಿಯವರ ಹತ್ತಿರ ಪರೀಕ್ಷೆ ಮಾಡುವ ದ್ರಾವಣ ಇರುತ್ತದೆ. ಒಂದು ಹನಿ ಹಾಕಿ ಸಣ್ಣ ಬ್ಯಾಟರಿ ತಾಗಿಸಿದರೆ ಮ್ಯಾಂಗನೀಸ್ ಜಾಸ್ತಿ ಇರುವ ಸ್ಟೀಲ್‌ನಲ್ಲಿ ಕೆಂಪು ಬಣ್ಣ ಬರುತ್ತದೆ. ಬಿಲ್‌ನಲ್ಲಿ ಬರೀ 'ಸ್ಟೀಲ್ ಕ್ಯಾನ್' ಅಂತ ಬೇಡ, 'ಎಸ್‌ಎಸ್ 304' ಅಂತಲೇ ಬರೆಸಿಕೊಳ್ಳಿ.

ಈಗ ಬೆಲೆ ವಿಚಾರ. ಜಗತ್ತಿನ ನಿಕಲ್‌ನಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಹೋಗುವುದು ಸ್ಟೇನ್‌ಲೆಸ್ ಸ್ಟೀಲ್‌ಗೇ. ಬ್ಯಾಟರಿಗೆ ಹೋಗುವುದು ಐದನೇ ಒಂದು ಪಾಲಿಗಿಂತ ಕಡಿಮೆ. ಉಳಿದದ್ದು ವಿಮಾನದ ಎಂಜಿನ್‌ನ ಮಿಶ್ರಲೋಹ, ನಲ್ಲಿ-ಬೋಲ್ಟ್‌ಗಳ ಲೇಪನ, ಎಣ್ಣೆಯನ್ನು ವನಸ್ಪತಿ ಮಾಡುವ ಕಾರ್ಖಾನೆ, ಹೀಗೆ. ಬ್ಯಾಟರಿಗಳಲ್ಲೂ ಎಲ್ಲದಕ್ಕೂ ನಿಕಲ್ ಬೇಡ. ಟಾಟಾ ನೆಕ್ಸಾನ್ ಇವಿಯಲ್ಲಿರುವ ಎಲ್‌ಎಫ್‌ಪಿ ಬ್ಯಾಟರಿಯಲ್ಲಿ ಕಬ್ಬಿಣ, ಫಾಸ್ಫೇಟ್ ಇದೆ, ನಿಕಲ್ ಇಲ್ಲ. ಚೀನಾದಲ್ಲಂತೂ ಈ ಬಗೆಯದ್ದೇ ಜಾಸ್ತಿ.

ಬೆಲೆಯ ಕೀಲಿ ಇರುವುದು ಇಂಡೋನೇಷ್ಯಾದ ಕೈಯಲ್ಲಿ. 2020ರ ಜನವರಿಯಿಂದ ಅವರು ನಿಕಲ್ ಅದಿರನ್ನು ಹೊರಗೆ ಕಳಿಸುವುದನ್ನೇ ನಿಲ್ಲಿಸಿದರು. ಚೀನಾದ ಕಂಪನಿಗಳು ಸುಲವೇಸಿ ದ್ವೀಪದ ಮೊರೊವಾಲಿಯಂಥ ಕಡೆ ಕುಲುಮೆ ಹಾಕಿದವು. ಈಗ ಜಗತ್ತಿನ ಗಣಿ ನಿಕಲ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಅಲ್ಲಿಂದಲೇ. ಅದಕ್ಕೆ ಅಲ್ಲಿನ ಕಾಡು ಕಡಿದಿದ್ದಾರೆ, ಕಲ್ಲಿದ್ದಲು ಸುಟ್ಟು ಕುಲುಮೆ ಓಡಿಸುತ್ತಿದ್ದಾರೆ. ಆ ಊರಿನವರು ಕೊಡುತ್ತಿರುವ ಬೆಲೆ ನಮ್ಮ ಬಿಲ್‌ನಲ್ಲಿ ಕಾಣುವುದಿಲ್ಲ, ಅದು ನನಗೆ ತುಂಬಾ ನೋವಿನ ವಿಷಯ.

2022ರ ಮಾರ್ಚ್ 8ರಂದು ಲಂಡನ್ ಲೋಹ ಮಾರುಕಟ್ಟೆಯಲ್ಲಿ ನಿಕಲ್ ಟನ್ನಿಗೆ 1 ಲಕ್ಷ ಡಾಲರ್ ದಾಟಿತ್ತು, ವಹಿವಾಟನ್ನೇ ನಿಲ್ಲಿಸಿದ್ದರು. ಆ ಹೆದರಿಕೆ ಇನ್ನೂ ಅಂಗಡಿಗಳಲ್ಲಿ ಓಡಾಡುತ್ತಿದೆ. ಆದರೆ ಇಂಡೋನೇಷ್ಯಾದ ಮಾಲು ಬಂದು ಬಂದು 2024ರ ಕೊನೆಗೆ ಅದು 15-16 ಸಾವಿರ ಡಾಲರ್‌ಗೆ ಇಳಿಯಿತು. ಆ ಬೆಲೆಗೆ ಗಿಟ್ಟದೆ ಆಸ್ಟ್ರೇಲಿಯಾದಲ್ಲಿ ಬಿಎಚ್‌ಪಿ ಅನ್ನೋ ದೊಡ್ಡ ಗಣಿ ಕಂಪನಿ ತನ್ನ ನಿಕಲ್ ಕೆಲಸವನ್ನೇ ನಿಲ್ಲಿಸಿತು. ಇಂಡೋನೇಷ್ಯಾ ಸರ್ಕಾರ ಗಣಿ ಕೋಟಾ, ಅಂದರೆ ಎಷ್ಟು ಅದಿರು ತೆಗೆಯಬಹುದು ಅನ್ನೋ ಮಿತಿ, ಬಿಗಿ ಮಾಡಿದರೆ ಬೆಲೆ ಏರಲೂಬಹುದು. ನಮ್ಮ ದೇಶ ನಿಕಲ್‌ಗೆ ಆಮದನ್ನೇ ನಂಬಿರುವುದರಿಂದ ಅದರ ಬಿಸಿ ನಮಗೂ ತಟ್ಟುತ್ತದೆ. ಆದರೂ ಎರಡು ಕ್ಯಾನ್‌ಗೋಸ್ಕರ ಸಾಲ ಮಾಡಿ ಓಡುವಂಥದ್ದೇನೂ ಇಲ್ಲ.

ಇನ್ನೊಂದು ಮಾತು. 304 ಹಳೆಯದಾದಾಗ ಗುಜರಿಯಲ್ಲಿ 202ಕ್ಕಿಂತ ಒಳ್ಳೆ ರೇಟು ಸಿಗುತ್ತದೆ, ಕಾರಣ ಅದೇ ನಿಕಲ್. ಕ್ಯಾನ್ ಮಾರುವಾಗ ಹಳೆ ಬಿಲ್ ತೋರಿಸಿ, ಬೇರೆ ಸ್ಟೀಲ್ ಜೊತೆ ಬೆರೆಸದೆ ಪ್ರತ್ಯೇಕ ತೂಕ ಹಾಕಿಸಿ.