ಸ್ಟೀಮ್ ಡೆಕ್‌ಗೆ ಕೇಬಲ್ ಹಾಕಿದರೂ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಡ್ರೈವ್ ಯಾಕೆ ಕಾಣಿಸಲ್ಲ?

ಮೊದಲು ಕೇಬಲ್ ಬದಲಾಯಿಸಿ ನೋಡೋದನ್ನು ನಿಲ್ಲಿಸಿ. ಲ್ಯಾಪ್‌ಟಾಪಿನಿಂದ ಸ್ಟೀಮ್ ಡೆಕ್‌ಗೆ (ವಾಲ್ವ್ ಕಂಪನಿಯ, ಕೈಯಲ್ಲಿ ಹಿಡಿದು ಆಡುವ ಗೇಮಿಂಗ್ ಸಾಧನ) ಫೈಲ್ ಕಳಿಸೋಕೆ ಯುಎಸ್‌ಬಿ ಸಿ-ಕೇಬಲ್ ಹಾಕಿದರೆ ಚಾರ್ಜ್ ಮಾತ್ರ ಆಗುತ್ತೆ, ಡೆಕ್‌ನ ಮೈಕ್ರೊ ಎಸ್‌ಡಿ ಕಾರ್ಡನ್ನು ಲ್ಯಾಪ್‌ಟಾಪಿಗೆ ಹಾಕಿದರೆ ಫಾರ್ಮ್ಯಾಟ್ ಮಾಡಿ ಅನ್ನುತ್ತೆ ಅಂತ ಬರೆದಿದ್ದೀರಿ. ಎರಡೂ ದೋಷವಲ್ಲ.

ಡೆಕ್ ಫೋನಿನ ಥರದ್ದಲ್ಲ, ಲಿನಕ್ಸ್ ಮೇಲೆ ಓಡುವ ಪೂರ್ತಿ ಪಿಸಿ. ಯುಎಸ್‌ಬಿಯಲ್ಲಿ ಒಂದು ಕಡೆ ಹೋಸ್ಟ್ (ನಿಯಂತ್ರಿಸುವ ಕಂಪ್ಯೂಟರ್), ಇನ್ನೊಂದು ಕಡೆ ಡಿವೈಸ್ (ಪೆನ್‌ಡ್ರೈವ್ ಥರ ಅದರ ಮಾತು ಕೇಳುವ ಸಾಧನ) ಇರಬೇಕು. ಇಲ್ಲಿ ಎರಡೂ ಹೋಸ್ಟ್. ಡೆಕ್‌ನ ಬಯಾಸ್‌ನಲ್ಲಿ (ಆನ್ ಆಗುವಾಗ ತೆರೆಯುವ ಮೂಲ ಸೆಟ್ಟಿಂಗ್ಸ್) ಇದನ್ನು ಬದಲಿಸುವ ಆಯ್ಕೆ ಇದೆಯಾದರೂ ಅದೊಂದರಿಂದಲೇ ಡ್ರೈವ್ ಬಂದುಬಿಡಲ್ಲ, ಲಿನಕ್ಸ್ ಕಡೆಯ ಕೆಲಸವೂ ಇದೆ. ನಾಲ್ಕು ಫೈಲ್ ಕಳಿಸೋಕೆ ಆ ಉಸಾಬರಿ ಬೇಡ. ಕಾರ್ಡ್ ವಿಷಯ: ಡೆಕ್ ಅದನ್ನು ಇಎಕ್ಸ್‌ಟಿ4 (ಲಿನಕ್ಸ್ ಫೈಲ್ ಇಡುವ ವಿಧಾನ) ಆಗಿ ಫಾರ್ಮ್ಯಾಟ್ ಮಾಡುತ್ತೆ, ವಿಂಡೋಸ್‌ಗೆ ಅದನ್ನು ಓದೋಕೆ ಬರಲ್ಲ. ಕ್ಯಾನ್ಸಲ್ ಒತ್ತಿ. ಫಾರ್ಮ್ಯಾಟ್ ಒತ್ತಿದರೆ ಕಾರ್ಡಿನಲ್ಲಿರೋ ಆಟಗಳೆಲ್ಲ ಹೋದ ಹಾಗೆ.

ನಿಮಗೆ ಬೇಕಿರೋದು ಲ್ಯಾಪ್‌ಟಾಪಿನಲ್ಲಿ ಇಳಿಸಿಕೊಂಡಿರೋ ಸ್ಟೀಮ್ ಆಟಗಳಾದರೆ ಕೈಯಾರೆ ಕಾಪಿ ಮಾಡಲೇಬೇಡಿ. ಎರಡರಲ್ಲೂ ಸ್ಟೀಮ್ ತೆರೆದು, ಒಂದೇ ಅಕೌಂಟಿನಿಂದ ಲಾಗಿನ್ ಆಗಿ, ಒಂದೇ ರೂಟರ್‌ಗೆ ಸೇರಿಸಿ. ಲ್ಯಾಪ್‌ಟಾಪಿನ ಸ್ಟೀಮ್ ಸೆಟ್ಟಿಂಗ್ಸ್‌ನಲ್ಲಿ ಡೌನ್‌ಲೋಡ್ಸ್‌ಗೆ ಹೋಗಿ, ಲೋಕಲ್ ನೆಟ್‌ವರ್ಕ್ ಗೇಮ್ ಟ್ರಾನ್ಸ್‌ಫರ್ ಆನ್ ಇದೆಯಾ ನೋಡಿ. ಆಟ ಅಲ್ಲಿ ಪೂರ್ತಿ ಅಪ್‌ಡೇಟ್ ಆಗಿರಬೇಕು. ಆಮೇಲೆ ಡೆಕ್‌ನಲ್ಲಿ ಎಂದಿನಂತೆ ಇನ್‌ಸ್ಟಾಲ್ ಒತ್ತಿದರೆ ಸಾಕು, ಇಂಟರ್‌ನೆಟ್ ಬದಲು ಲ್ಯಾಪ್‌ಟಾಪಿನಿಂದಲೇ ಎಳೆದುಕೊಳ್ಳುತ್ತೆ. ಪ್ರೋಟಾನ್ (ವಿಂಡೋಸ್ ಆಟಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ಸಾಫ್ಟ್‌ವೇರ್), ಶೇಡರ್ (ಗ್ರಾಫಿಕ್ಸ್‌ಗೆ ಬೇಕಾದ) ಫೈಲುಗಳು ಮಾತ್ರ ಆಗಲೂ ಇಂಟರ್‌ನೆಟ್‌ನಿಂದಲೇ ಬರುತ್ತೆ.

ಎಲ್ಲ ಸರಿಯಿದ್ದೂ ಒಂದೆರಡು ಆಟ ಮಾತ್ರ ಇಂಟರ್‌ನೆಟ್‌ನಿಂದಲೇ ಇಳಿಯುತ್ತಿದ್ದರೆ, ಆ ಆಟಕ್ಕೆ ಲಿನಕ್ಸ್ ಆವೃತ್ತಿಯೂ ಇದೆ ಅಂತ ಅನುಮಾನಿಸಿ. ಡೆಕ್ ಕೇಳ್ತಿರೋದು ಲಿನಕ್ಸ್ ಫೈಲು, ಲ್ಯಾಪ್‌ಟಾಪಿನಲ್ಲಿರೋದು ವಿಂಡೋಸ್ ಫೈಲು. ಡೆಕ್‌ನಲ್ಲಿ ಆಟದ ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿಗೆ ಹೋಗಿ ಪ್ರೋಟಾನ್ ಆರಿಸಿ, ಮತ್ತೆ ಇನ್‌ಸ್ಟಾಲ್ ಕೊಡಿ.

ಸಿನಿಮಾ, ಸೇವ್ ಫೈಲು, ಮಾಡ್ (ಆಟವನ್ನು ಬದಲಿಸುವ ಹೆಚ್ಚುವರಿ ಫೈಲು) ಥರದ್ದಕ್ಕೆ ನಾನು ಹೇಳೋದು ಲೋಕಲ್‌ಸೆಂಡ್, ಒಂದೇ ನೆಟ್‌ವರ್ಕ್‌ನಲ್ಲಿರೋ ಸಾಧನಗಳ ನಡುವೆ ಫೈಲ್ ಕಳಿಸುವ ಆ್ಯಪ್. ಪವರ್ ಬಟನ್ ಒತ್ತಿ ಹಿಡಿದು ಡೆಸ್ಕ್‌ಟಾಪ್ ಮೋಡ್‌ಗೆ ಹೋಗಿ, ಅಲ್ಲಿನ ಆ್ಯಪ್ ಅಂಗಡಿ ಡಿಸ್ಕವರ್‌ನಿಂದ ಹಾಕಿಕೊಳ್ಳಿ; ಲ್ಯಾಪ್‌ಟಾಪಿಗೂ ಹಾಕಿ. ಒಂದಕ್ಕೊಂದು ಕಾಣದಿದ್ದರೆ ತಪ್ಪು ಸಾಮಾನ್ಯವಾಗಿ ಆ್ಯಪ್‌ನದಲ್ಲ. ವಿಪಿಎನ್ ಇದ್ದರೆ ಆಫ್ ಮಾಡಿ. ವಿಂಡೋಸ್‌ನಲ್ಲಿ ವೈಫೈ ಪ್ರೊಫೈಲ್ 'ಪಬ್ಲಿಕ್' ಇದ್ದರೆ 'ಪ್ರೈವೇಟ್' ಮಾಡಿ. ಫೈರ್‌ವಾಲ್‌ನಲ್ಲಿ ಲೋಕಲ್‌ಸೆಂಡ್ ಬಳಸುವ ಪೋರ್ಟ್ 53317ಕ್ಕೆ ಅನುಮತಿ ಕೊಡಬೇಕು. ಪಿಜಿ, ಹಾಸ್ಟೆಲ್, ಆಫೀಸ್ ವೈಫೈಗಳಲ್ಲಿ, ರೂಟರ್‌ನ ಗೆಸ್ಟ್ ವೈಫೈನಲ್ಲಿ ಒಂದು ಸಾಧನಕ್ಕೆ ಇನ್ನೊಂದು ಕಾಣದ ಹಾಗೆ ತಡೆ ಹಾಕಿರೋದು ಮಾಮೂಲು. ಅಲ್ಲಿ ಏನು ಮಾಡಿದರೂ ಆಗಲ್ಲ, ಫೋನಿನ ಹಾಟ್‌ಸ್ಪಾಟ್‌ಗೆ ಎರಡನ್ನೂ ಸೇರಿಸಿ ನೋಡಿ.

ನಿಧಾನವಾದರೆ ಲ್ಯಾಪ್‌ಟಾಪನ್ನು ಲ್ಯಾನ್ ಕೇಬಲ್‌ನಲ್ಲಿ ರೂಟರ್‌ಗೆ ಹಾಕಿ; ಎರಡೂ ವೈಫೈನಲ್ಲಿದ್ದರೆ ಒಂದೇ ವೈಫೈ ಚಾನೆಲನ್ನು ಹಂಚಿಕೊಂಡು ವೇಗ ಸುಮಾರು ಅರ್ಧಕ್ಕೆ ಇಳಿಯುತ್ತೆ. ಡೆಕ್‌ಗೂ ಲ್ಯಾನ್ ಪೋರ್ಟ್ ಇರೋ ಗಿಗಾಬಿಟ್ ಸಿ-ಹಬ್ ಹಾಕಿದರೆ ಸೆಕೆಂಡಿಗೆ 110 ಎಂಬಿ ಹತ್ತಿರ ಹೋಗುತ್ತೆ, 60 ಜಿಬಿ ಆಟಕ್ಕೆ ಹತ್ತು ನಿಮಿಷದ ಆಸುಪಾಸು.

ಇದ್ಯಾವುದೂ ಬೇಡ ಅಂದರೆ ಪೆನ್‌ಡ್ರೈವ್ ಸಾಕು. ಎಕ್ಸ್‌ಫ್ಯಾಟ್ ಆಗಿ ಫಾರ್ಮ್ಯಾಟ್ ಮಾಡಿ, ಎರಡೂ ಕಡೆ ಓದುತ್ತೆ. ಫ್ಯಾಟ್32 ಬೇಡ, 4 ಜಿಬಿಗಿಂತ ದೊಡ್ಡ ಒಂದೇ ಫೈಲ್ ಅದರಲ್ಲಿ ಹಿಡಿಸಲ್ಲ. ತೆಗೆಯೋ ಮುಂಚೆ ಇಜೆಕ್ಟ್ ಕೊಡಿ.

ಯಾವ ದಾರಿ ಹಿಡಿದರೂ, ಕಾಪಿ ನಡೀತಿರುವಾಗ ಡೆಕ್ ಸ್ಲೀಪ್‌ಗೆ ಹೋದರೆ ಅಲ್ಲಿಗೇ ನಿಲ್ಲುತ್ತೆ. ಲ್ಯಾಪ್‌ಟಾಪಿನ ಪೋರ್ಟ್‌ನಿಂದ ಚಾರ್ಜ್ ಮಾಡೋದನ್ನು ಬಿಟ್ಟು ಡೆಕ್ ಜೊತೆ ಬಂದ 45 ವ್ಯಾಟ್ ಚಾರ್ಜರ್ ಹಾಕಿ, ಪವರ್ ಸೆಟ್ಟಿಂಗ್‌ನಲ್ಲಿ ಸ್ಲೀಪ್ ಆಫ್ ಮಾಡಿಡಿ.